ಮಾವನ ಮನೆಯಲ್ಲಿ ಏಳು ವರ್ಷ

ಸ್ವಂತ ಮನೆ ಕಟ್ಟಿ ಮುಗಿಯುವವರೆಗೆ ಎಂದು ಅಣ್ಣನ ಮನೆಗೆ ಹೋಗಿ ನೆಲೆಸಿದವರು, ಮಗಳ ಓದಿಗಾಗಿ ಅವಳನ್ನು ನಗರದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬಂದವರು, ಚಿಕಿತ್ಸೆಗೆಂದು ಬಂದು ಮಗ-ಸೊಸೆಯ ಹಜಾರದಲ್ಲಿ ಹಾಸಿಗೆ ಹಾಸಿಕೊಂಡವರು: ಮನೆಭೇಟಿಗೆ ಹೋದಾಗ ಇಂಥವರು ದನಿ ತಗ್ಗಿಸಿ ಹೇಳಿಕೊಳ್ಳುವ ನೋವು ಒಂದೇ ಬಗೆಯದು. ಅನ್ನಕ್ಕೆ ಕೊರತೆಯಿಲ್ಲ, ಆದರೆ ಅದು ಹಂಗಿನ ಅನ್ನ. ಮನೆಯ ಯಜಮಾನರು ಮುಂಗೋಪಿಗಳಾಗಿದ್ದರಂತೂ ಬಾಯಿ ತೆರೆದರೆ ಕೃತಘ್ನತೆ, ಮುಚ್ಚಿಕೊಂಡರೆ ಒಳಗೊಳಗೇ ಕುದಿತ.

ಧರ್ಮಸಭೆಯ ಸಂತರಲ್ಲಿ ಈ ನೋವನ್ನು ಏಳು ವರ್ಷ ಉಂಡವರೊಬ್ಬರಿದ್ದಾರೆ. ಆಗಸ್ಟ್ 12ರಂದು ನಾವು ಸ್ಮರಿಸುವ ಸಂತ ಜೇನ್ ಫ್ರಾನ್ಸೆಸ್ ದೆ ಶಾಂತಾಲ್. ಅವರನ್ನು ಸಾಮಾನ್ಯವಾಗಿ ಸಂತ ಫ್ರಾನ್ಸಿಸ್ ದೆ ಸೇಲ್ಸರ ಶಿಷ್ಯೆ ಎಂದೂ, ಕನ್ಯಾಸ್ತ್ರೀಯರ ಸಭೆಯೊಂದರ ಸ್ಥಾಪಕಿ ಎಂದೂ ಬಲ್ಲೆವು. ಅದಕ್ಕೂ ಮುನ್ನ ಅವರು ಮಾವನ ಮನೆಯಲ್ಲಿದ್ದ ವಿಧವೆ ಸೊಸೆ.

ಜೇನ್ ಹುಟ್ಟಿದ್ದು 1572ರಲ್ಲಿ, ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ದಿಜೋನ್ ನಗರದಲ್ಲಿ. ತಂದೆ ಬೆನೀನ್ ಫ್ರೆಮಿಯೋ ಅಲ್ಲಿನ ಉಚ್ಚ ನ್ಯಾಯಸಭೆಯಲ್ಲಿ ಹಿರಿಯ ಅಧಿಕಾರಿ. ಇಪ್ಪತ್ತರ ವಯಸ್ಸಿನಲ್ಲಿ ಶಾಂತಾಲಿನ ಜಹಗೀರುದಾರ ಕ್ರಿಸ್ತೋಫರ ಕೈಹಿಡಿದು ಬೂರ್ಬಿಲಿ ಕೋಟೆಮನೆಗೆ ಬಂದರು. ಸಾಲದಲ್ಲಿ ಮುಳುಗಿದ್ದ ಆ ಮನೆತನದ ಲೆಕ್ಕಪತ್ರಗಳನ್ನು ತಾವೇ ಕೈಗೆತ್ತಿಕೊಂಡು ಸರಿಪಡಿಸಿದರು. ಆರು ಮಕ್ಕಳು ಹುಟ್ಟಿ ಇಬ್ಬರು ಎಳವೆಯಲ್ಲೇ ತೀರಿಕೊಂಡರು. 1601ರಲ್ಲಿ ಬೇಟೆಗೆ ಹೋದ ಪತಿಗೆ ಸ್ನೇಹಿತನೊಬ್ಬನ ಬಂದೂಕಿನ ಗುಂಡು ಆಕಸ್ಮಿಕವಾಗಿ ತಗುಲಿತು. ಕೆಲವು ದಿನ ನರಳಿ, ಗುಂಡು ಹಾರಿಸಿದವನನ್ನು ಕ್ಷಮಿಸಿ ಅವರು ಪ್ರಾಣಬಿಟ್ಟರು. ಜೇನ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ, ಕೊನೆಯ ಮಗು ಶಾರ್ಲೋತ್ ಇನ್ನೂ ಕೈಕೂಸು.

ಶೋಕದ ದಿನಗಳನ್ನು ತವರಿನಲ್ಲಿ ಕಳೆಯುತ್ತಿದ್ದಾಗ ಮಾವನಿಂದ ಕರೆ ಬಂತು. ಕರೆ ಎನ್ನುವುದಕ್ಕಿಂತ ಬೆದರಿಕೆ ಎನ್ನಬೇಕು. ಎಪ್ಪತ್ತು ದಾಟಿದ್ದ ಗೀ ದೆ ರಾಬ್ಯುತಾನ್ ಬರ್ಗಂಡಿಯಲ್ಲಿ ಸಿಡುಕಿಗೆ ಹೆಸರಾದ ಹಳೆಯ ಯೋಧ. ಸೊಸೆ ಮೊಮ್ಮಕ್ಕಳೊಂದಿಗೆ ಒತಾಂ ಪಟ್ಟಣದ ಸಮೀಪದ ಮೊಂತೆಲೋನಿಗೆ ಬಂದು ತನ್ನ ಜತೆ ಇರದಿದ್ದರೆ, ತಾನು ಮರುಮದುವೆಯಾಗಿ ಆಸ್ತಿಯನ್ನು ಆ ಮಕ್ಕಳಿಗೆ ತಪ್ಪಿಸುವೆನೆಂದು ಹೇಳಿಕಳುಹಿಸಿದರು. ನಾಲ್ಕು ಮಕ್ಕಳ ಭವಿಷ್ಯ ಅದರಲ್ಲಿತ್ತು. ಜೇನ್ ಹೊರಟರು. ಮಾವನ ಮನೆಯೆಂದರೆ ಸೆರೆಮನೆ ಎಂದು ನಮ್ಮಲ್ಲಿ ತಮಾಷೆಗೆ ಹೇಳುವುದುಂಟು. ಜೇನ್ ಪಾಲಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಮೊಂತೆಲೋನಿನಲ್ಲಿ ಯಜಮಾನರ ಸಿಡುಕಿಗಿಂತ ದೊಡ್ಡ ಕಷ್ಟ ಬೇರೆಯಿತ್ತು. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಸೇವಕಿಯೊಬ್ಬಳು ಮುದುಕರನ್ನು ಕೈವಶ ಮಾಡಿಕೊಂಡು, ತನ್ನ ಮಕ್ಕಳೊಂದಿಗೆ ಅಲ್ಲೇ ನೆಲೆಯೂರಿದ್ದಳು. ಬೀಗದ ಕೈ ಅವಳದು, ಹಣ ಅವಳದು, ಮಾತೂ ಅವಳದೇ. ಅವಳ ಮಕ್ಕಳು ಜಹಗೀರುದಾರರ ಮೊಮ್ಮಕ್ಕಳಿಗೆ ಸರಿಸಮನಾಗಿ, ಕೆಲವೊಮ್ಮೆ ಒಂದು ಕೈ ಮೇಲಾಗಿಯೇ ಬೆಳೆಯುತ್ತಿದ್ದರು. ಸಂದೇಶ ತಂದವನಿಗೆ ಒಂದು ಲೋಟ ದ್ರಾಕ್ಷಾರಸ ಕೊಡಬೇಕಾದರೂ ಜೇನ್ ಆ ಸೇವಕಿಯ ಅಪ್ಪಣೆ ಕೇಳಬೇಕಿತ್ತೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಒಂದು ಕೋಟೆಮನೆಯನ್ನು ಸಾಲದಿಂದ ಮೇಲೆತ್ತಿದ ಹೆಣ್ಣುಮಗಳು ಇನ್ನೊಂದು ಮನೆಯ ಆಸ್ತಿ ಕಣ್ಣೆದುರೇ ಕರಗುವುದನ್ನು ಕೈಕಟ್ಟಿ ನೋಡಬೇಕಾಯಿತು.

ಕೈಕಟ್ಟಿ ನೋಡಬೇಕೆಂಬುದನ್ನು ಅವರು ಮೊದಲ ದಿನವೇ ಕಲಿತವರಲ್ಲ. ಆರಂಭದಲ್ಲಿ ಮನೆಯ ಅವ್ಯವಸ್ಥೆಯ ಬಗ್ಗೆ ಮಾವನಿಗೆ ವಿನಯದಿಂದಲೇ ತಿಳಿಹೇಳಲು ಯತ್ನಿಸಿದರು. ಸೇವಕಿ ಮುದುಕರನ್ನು ಇನ್ನಷ್ಟು ಕೆರಳಿಸಿದಳು. ತಿದ್ದಹೊರಟ ಪ್ರತಿಸಲವೂ ಸೋಲು ಸೊಸೆಯದೇ. ನೆಂಟರ ಮನೆಯಲ್ಲಿ ಕೆಲಕಾಲ ತಂಗಿದವರಿಗೆ ಈ ಘಟ್ಟ ಪರಿಚಿತ: ನಮ್ಮ ಮಾತು ಎಷ್ಟೇ ನ್ಯಾಯವಾಗಿರಲಿ, ಆ ಮನೆಯಲ್ಲಿ ಅದಕ್ಕೆ ಕೂರಲು ಮಣೆಯಿಲ್ಲ.

ಇದರ ಮೇಲೆ ಅವರ ಭಕ್ತಿಯೂ ಆಗ ಒಂದು ಹೊರೆಯಾಗಿತ್ತು. ಮೊದಲು ದೊರೆತ ಆಧ್ಯಾತ್ಮಿಕ ನಿರ್ದೇಶಕರು ದೀರ್ಘ ಪ್ರಾರ್ಥನೆ, ಉಪವಾಸ, ಜಾಗರಣೆಗಳನ್ನು ವಿಧಿಸಿದ್ದರು. ಅಷ್ಟಲ್ಲದೆ ತಮಗೇ ವಿಧೇಯಳಾಗಿರುವೆ, ತಮ್ಮನ್ನು ಬದಲಿಸುವುದಿಲ್ಲ, ತಾವು ಹೇಳಿದ್ದನ್ನು ಹೊರಗೆಡಹುವುದಿಲ್ಲ, ಆತ್ಮದ ವಿಚಾರವನ್ನು ಬೇರೆ ಯಾರಲ್ಲಿಯೂ ಆಡುವುದಿಲ್ಲ ಎಂದು ವ್ರತ ಮಾಡಿಸಿದ್ದರು. ಗುರುವಾಗಿ ನಾನು ಈ ಭಾಗವನ್ನು ಓದುವಾಗಲೆಲ್ಲ ತಲೆತಗ್ಗಿಸುತ್ತೇನೆ. ಮನೆಯೊಳಗೆ ಒಬ್ಬ ನಿರಂಕುಶ ಮುದುಕರು, ಆತ್ಮದೊಳಗೆ ಇನ್ನೊಬ್ಬರು.

1604ರ ತಪಸ್ಸುಕಾಲದಲ್ಲಿ ಮಾವನ ಅನುಮತಿ ಪಡೆದು ದಿಜೋನಿನ ತವರಿಗೆ ಹೋದಾಗ, ಅಲ್ಲಿ ಪ್ರಬೋಧನೆ ನೀಡುತ್ತಿದ್ದ ಜಿನೀವಾದ ಧರ್ಮಾಧ್ಯಕ್ಷ ಫ್ರಾನ್ಸಿಸ್ ದೆ ಸೇಲ್ಸರ ಭೇಟಿಯಾಯಿತು. ಅದೇ ವರ್ಷ ಅವರು ಜೇನ್‌ರನ್ನು ಆ ವ್ರತಗಳ ಬಂಧನದಿಂದ ಬಿಡಿಸಿ ಮಾರ್ಗದರ್ಶನ ವಹಿಸಿಕೊಂಡರು. ಹಿಂದಿನವರು ಹೇರಿದ್ದನ್ನು ಇವರು ಇಳಿಸುತ್ತ ಹೋದರು. ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತಿನ ಸಾರವಿಷ್ಟು: ನಿಮ್ಮ ಭಕ್ತಿ ನಿಮ್ಮ ತಂದೆಗೂ ಮಾವನಿಗೂ ಅಪ್ರಿಯವಾಗದಂತೆ ನೋಡಿಕೊಳ್ಳಿ, ಬಲವಂತದಿಂದ ಏನನ್ನೂ ಮಾಡದೆ ಪ್ರೀತಿಯಿಂದ ಮಾಡಿ. ಸಹನೆ, ಸೌಮ್ಯತೆಗಳಂಥ ಪುಟ್ಟ ಸದ್ಗುಣಗಳನ್ನು ಅವರು ದೊಡ್ಡ ತಪಸ್ಸಿಗಿಂತ ಮೇಲೆ ಇಟ್ಟರು.

ಇದರ ಫಲ ಕಂಡಿದ್ದು ಅಡುಗೆಮನೆಯಲ್ಲಿ, ಒಲೆಯ ಬಳಿ. ಹಿಂದೆ ಜೇನ್ ಬೆಳಗಿನ ಪ್ರಾರ್ಥನೆಗೆ ಏಳುವಾಗ ಆಳುಗಳೂ ಎದ್ದು ಬೆಂಕಿ ಹೊತ್ತಿಸಿ, ಉಡುಪು ತೊಡಿಸಿ ನಿಲ್ಲಬೇಕಿತ್ತು. ಈಗ ಅವರು ಐದು ಗಂಟೆಗೆ ಸದ್ದಿಲ್ಲದೆ ಎದ್ದು, ಚಳಿಗಾಲದಲ್ಲಿಯೂ ಯಾರನ್ನೂ ಎಬ್ಬಿಸದೆ ತಾವೇ ಸಿದ್ಧರಾಗುತ್ತಿದ್ದರು. ಹಿಂದಿನ ಗುರುವಿನ ಕಾಲದಲ್ಲಿ ಅಮ್ಮನವರು ದಿನಕ್ಕೆ ಮೂರು ಸಲ ಪ್ರಾರ್ಥಿಸಿ ಮನೆಮಂದಿಗೆಲ್ಲ ತೊಂದರೆ ಕೊಡುತ್ತಿದ್ದರು, ಈಗ ದಿನವಿಡೀ ಪ್ರಾರ್ಥಿಸಿದರೂ ಯಾರಿಗೂ ತೊಂದರೆಯಿಲ್ಲ ಎಂದು ಸೇವಕರು ತಮ್ಮತಮ್ಮಲ್ಲಿ ಆಡಿಕೊಂಡರಂತೆ. ಸಂತರ ಬಗ್ಗೆ ಮನೆಯಾಳುಗಳ ಸಾಕ್ಷ್ಯ ಇಷ್ಟು ಸ್ಪಷ್ಟವಾಗಿ ಉಳಿದಿರುವುದು ಅಪರೂಪ.

ಆ ಸೇವಕಿಯ ಮಕ್ಕಳನ್ನು ಅವರು ತಮ್ಮ ಮಕ್ಕಳೊಂದಿಗೆ ಕೂರಿಸಿಕೊಂಡು ಓದು ಕಲಿಸಿದರು, ಜಪ ಕಲಿಸಿದರು, ಕೈಯಾರೆ ತೊಳೆದು ತಲೆಬಾಚಿ ಬಟ್ಟೆ ತೊಡಿಸಿದರು. ತಾಯಿಯ ಮೇಲಿನ ಕೋಪವನ್ನು ಮಕ್ಕಳ ಮೇಲೆ ತೀರಿಸಿಕೊಳ್ಳುವುದು ಎಷ್ಟು ಸುಲಭವೆಂದು ಒಂದೇ ಸೂರಿನಡಿ ಇದ್ದವರಿಗೆ ಗೊತ್ತು. ಸೇವಕಿ ಇದರಿಂದ ಬದಲಾದಳೆಂದು ಮಾತ್ರ ಭಾವಿಸಬೇಡಿ. ನಾನು ಓದಿದ ಯಾವ ಚರಿತ್ರೆಯೂ ಹಾಗೆ ಹೇಳುವುದಿಲ್ಲ. ಅಂದಹಾಗೆ, ಈ ವಿವರಗಳೆಲ್ಲ ನಮಗೆ ದೊರೆತದ್ದು ಮುಖ್ಯವಾಗಿ ಜೇನ್‌ರ ಕಾರ್ಯದರ್ಶಿಯಾಗಿದ್ದ ಮದರ್ ಶೋಜಿಯವರ ಬರಹದಿಂದ. ಮುದುಕರ ಪಕ್ಷವನ್ನಾಗಲೀ ಆ ಸೇವಕಿಯ ಪಕ್ಷವನ್ನಾಗಲೀ ಬರೆದಿಟ್ಟವರಿಲ್ಲ.

ಹಲವು ವರ್ಷಗಳ ಹಿಂದೆ ಈ ಕಥೆಯನ್ನು ನಾನು ಭಾನುವಾರದ ಪ್ರಬೋಧನೆಯಲ್ಲಿ ಹೇಳಿದ್ದೆ. ಸೊಸೆಯಂದಿರು ತಾಳ್ಮೆ ಕಲಿಯಲಿ ಎಂಬ ಧಾಟಿಯಲ್ಲಿ. ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ದೇವಾಲಯದ ಬಾಗಿಲಲ್ಲಿ ನಿಂತು ಕೇಳಿದರು: “ಫಾದರ್, ಆ ಅಮ್ಮನಿಗೆ ಹೋಗೋಕೆ ತವರುಮನೆ ಇತ್ತಲ್ಲ?” ಅಷ್ಟೇ ಕೇಳಿ ಹೊರಟುಹೋದರು. ಉತ್ತರಿಸಲು ನನಗೆ ತೋಚಲಿಲ್ಲ. ಮನೆಗೆ ಬಂದು ಮತ್ತೆ ಓದಿದೆ.

ಆ ತಾಯಿ ಹೇಳಿದ್ದು ಸರಿಯಾಗಿತ್ತು. ಜೇನ್‌ಗೆ ತವರಿತ್ತು, ಅಲ್ಲಿಗೆ ಅವರು ಹೋಗಿಬರುತ್ತಿದ್ದರು. ಸುಗ್ಗಿಯ ಕಾಲಕ್ಕೆ ಬೂರ್ಬಿಲಿಗೆ ಹೋಗಿ ಮಕ್ಕಳ ಪಾಲಿನ ಹೊಲ, ದ್ರಾಕ್ಷಿತೋಟಗಳನ್ನು ನೋಡಿಕೊಳ್ಳುತ್ತಿದ್ದರು. ಗುರುವಿನ ಭೇಟಿಗೆ 1604, 1605, 1607ರಲ್ಲಿ ದೂರ ಪಯಣ ಮಾಡಿದರು. ಮೊಂತೆಲೋನಿನ ಸುತ್ತಲಿನ ರೋಗಿಗಳ ಗಾಯ ತೊಳೆಯುವ ಕೆಲಸ ಅವರದೇ ಸ್ವಂತದ್ದು, ಅದರಲ್ಲಿ ಸೇವಕಿಯ ಬೀಗದ ಕೈ ನಡೆಯುತ್ತಿರಲಿಲ್ಲ. ಮನಸ್ಸಿನ ಮಾತನ್ನು ಮುಚ್ಚಿಡದೆ ಹೇಳಿಕೊಳ್ಳಲು ಹೊರಗೆ ಒಬ್ಬರಿದ್ದರು. ಅಂಥ ಆಸರೆ ಇಲ್ಲದವರಿಗೆ, ಹೊಡೆತ ತಿನ್ನುವವರಿಗೆ, ಈ ಸಂತರನ್ನು ತೋರಿಸಿ ‘ತಾಳಿಕೋ’ ಎನ್ನುವುದು ಗುರುವಿನ ಕೆಲಸವಲ್ಲ. ಆ ಪ್ರಬೋಧನೆಯನ್ನು ನಾನು ಮತ್ತೆ ಮಾಡಿಲ್ಲ.

ಜೇನ್‌ರ ಮೌನ ಒಪ್ಪಿಗೆಯ ಮೌನವೂ ಆಗಿರಲಿಲ್ಲ. ಮಕ್ಕಳಿಗೊಂದು ದಾರಿ ಕಾಣುವವರೆಗೆ ಇರುವುದು ಎಂಬ ಲೆಕ್ಕ ಅದರಲ್ಲಿತ್ತು. ಆ ವರ್ಷಗಳಲ್ಲೇ ಅವರು ಇನ್ನೂ ಕಷ್ಟದ ಹೆಜ್ಜೆಯನ್ನೂ ಇಟ್ಟರು. ಪತಿಯ ಸಾವಿಗೆ ಕಾರಣನಾದವನ ಮುಖ ನೋಡಲೂ ಮೊದಲು ಒಪ್ಪದಿದ್ದವರು, ಫ್ರಾನ್ಸಿಸರ ಸಲಹೆಯಂತೆ ಆತನನ್ನು ಭೇಟಿಯಾದರು, ಮುಂದೆ ಆತನ ಮಗುವಿಗೆ ಜ್ಞಾನತಾಯಿಯಾಗಿಯೂ ನಿಂತರು. ಮಾವನ ಸಿಡುಕಿನ ನಡುವೆ ದಿನದಿನವೂ ಮಾಡಿದ ಅಭ್ಯಾಸ ಇದಕ್ಕೆ ನೆರವಾಯಿತೆಂದೇ ನನ್ನ ಅನಿಸಿಕೆ.

1609ರ ಅಕ್ಟೋಬರಿನಲ್ಲಿ ಹಿರಿಯ ಮಗಳು ಮರಿ-ಎಮೆಯ ಮದುವೆ ಫ್ರಾನ್ಸಿಸರ ತಮ್ಮನೊಂದಿಗೆ ಮೊಂತೆಲೋನಿನಲ್ಲೇ ನಡೆಯಿತು. ಮರುವರ್ಷದ ಆರಂಭದಲ್ಲಿ ಕಿರಿಯವಳು ಶಾರ್ಲೋತ್ ತೀರಿಕೊಂಡಳು. ಉಳಿದ ಮಗಳು ಫ್ರಾನ್ಸ್ವಾಸಳನ್ನು ತಾಯಿ ಜತೆಗೇ ಕರೆದೊಯ್ಯುವುದೆಂದೂ, ಮಗ ತಾತನ ಮೇಲ್ವಿಚಾರಣೆಯಲ್ಲಿ ದಿಜೋನಿನಲ್ಲಿ ಬೆಳೆಯುವುದೆಂದೂ ತೀರ್ಮಾನವಾಯಿತು. ಹದಿಹರೆಯದ ಆ ಹುಡುಗನನ್ನು ಬಿಟ್ಟುಹೋದದ್ದರ ಬಗ್ಗೆ ಅಂದಿನಿಂದ ಇಂದಿನವರೆಗೆ ಜನ ಮಾತಾಡಿದ್ದಾರೆ. ಅದು ಬೇರೆಯೇ ಒಂದು ಲೇಖನದ ವಿಷಯ.

ಮೊಂತೆಲೋನ್ ಬಿಡುವ ದಿನ ಜೇನ್ ಮಾವನ ಮುಂದೆ ಮಂಡಿಯೂರಿ, ತಮ್ಮಿಂದ ಏನಾದರೂ ನೋವಾಗಿದ್ದರೆ ಮನ್ನಿಸಬೇಕೆಂದು ಬೇಡಿ, ಆಶೀರ್ವಾದ ಕೇಳಿ, ಮಗನನ್ನು ಅವರಿಗೆ ಒಪ್ಪಿಸಿದರು. ಎಂಬತ್ತು ದಾಟಿದ್ದ ಮುದುಕರು ಅವರನ್ನು ಅಪ್ಪಿಕೊಂಡು, ಸಮಾಧಾನವೇ ಇಲ್ಲದವರಂತೆ ದುಃಖಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಏಳು ವರ್ಷದಲ್ಲಿ ಎಂದೂ ತೋರದ ಪ್ರೀತಿ ಅಂದು ಎಲ್ಲಿಂದ ಬಂತೋ! ಊರ ಬಡವರೂ ಅತ್ತರು. ಸೇವಕಿ ಅಂದು ಏನು ಮಾಡಿದಳೆಂಬ ಉಲ್ಲೇಖ ನನಗೆ ಸಿಕ್ಕಿಲ್ಲ.

1610ರ ಜೂನ್ 6ರಂದು, ಪರಮ ತ್ರಿತ್ವದ ಭಾನುವಾರ, ಆನೆಸಿ ಪಟ್ಟಣದಲ್ಲಿ ಜೇನ್ ಹಾಗೂ ಫ್ರಾನ್ಸಿಸ್ ಹೊಸ ಸಭೆಯನ್ನು ಆರಂಭಿಸಿದರು. ಕಠಿಣ ತಪಸ್ಸು ತಡೆಯಲಾರದ ವಿಧವೆಯರಿಗೂ ದೇಹಬಲವಿಲ್ಲದವರಿಗೂ ಅಲ್ಲಿ ಸ್ಥಳವಿತ್ತು. ಸಭೆಗೆ ಮಾತೆ ಮರಿಯಮ್ಮನವರ ಭೇಟಿಯ ಹೆಸರನ್ನಿಟ್ಟರು: ಗರ್ಭಿಣಿಯಾಗಿದ್ದ ನಜರೇತಿನ ಯುವತಿ ಬೆಟ್ಟದ ಸೀಮೆಗೆ ನಡೆದುಹೋಗಿ, ವಯಸ್ಸಾದ ಬಂಧು ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದು, ಬಳಿಕ ತನ್ನ ಮನೆಗೆ ಹಿಂದಿರುಗಿದ ಆ ಭೇಟಿ.