ಕಸಿ ಮಾಡಿದ ಮೂತ್ರಪಿಂಡದ ದೀರ್ಘಕಾಲೀನ ಹಾನಿ: ಸಹಜ ರೋಗನಿರೋಧಕ ಉರಿಯೂತದ ಪಾತ್ರ

ಪೀಠಿಕೆ
ಮೂತ್ರಪಿಂಡ ಕಸಿಯು 1994ರ ಮಾನವ ಅಂಗಾಂಗಗಳ ಕಸಿ ಅಧಿನಿಯಮದಡಿ ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ನಡೆಯತಕ್ಕದ್ದು. ರಾಜ್ಯದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆಯು ನಿರ್ವಹಿಸುತ್ತದೆ. ಕಸಿ ಯಶಸ್ವಿಯಾದ ಹಲವು ವರ್ಷಗಳ ನಂತರವೂ ಮೂತ್ರಪಿಂಡವು ಕ್ರಮೇಣ ಕ್ಷೀಣಿಸಬಹುದು. ಇದಕ್ಕಿರುವ ಕಾರಣಗಳಲ್ಲಿ ಸಹಜ ರೋಗನಿರೋಧಕ ಉರಿಯೂತವೂ ಒಂದು.

ಹಾನಿಯಾಗುವ ಬಗೆ
1. ದಾನಿಯಿಂದ ತೆಗೆದ ಮೂತ್ರಪಿಂಡವನ್ನು ಸಾಮಾನ್ಯವಾಗಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಲಾಗುತ್ತದೆ. ಆ ಅವಧಿಯಲ್ಲಿ ರಕ್ತಸಂಚಾರವಿರುವುದಿಲ್ಲ. ಕಸಿಯ ನಂತರ ರಕ್ತ ಮರಳಿ ಹರಿದಾಗ ಜೀವಕೋಶಗಳು ಘಾಸಿಗೊಂಡು ಅಪಾಯದ ಸಂಕೇತಗಳನ್ನು ಹೊರಸೂಸುತ್ತವೆ.
2. ಹುಟ್ಟಿನಿಂದಲೇ ಇರುವ ರಕ್ಷಣಾ ವ್ಯವಸ್ಥೆಯು ಈ ಸಂಕೇತಗಳಿಗೆ ತಕ್ಷಣ ಸ್ಪಂದಿಸುತ್ತದೆ. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎಂಬ ಬಿಳಿರಕ್ತಕಣಗಳು ಹಾಗೂ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಉರಿಯೂತವನ್ನು ಉಂಟುಮಾಡುತ್ತವೆ.
3. ಸೋಂಕು, ಪ್ರತಿಕಾಯಗಳ ದಾಳಿ ಮುಂತಾದವುಗಳಿಂದ ಉರಿಯೂತ ಮರುಕಳಿಸಿದಲ್ಲಿ ಮೂತ್ರಪಿಂಡದ ಸೂಕ್ಷ್ಮನಾಳಗಳು ಸೊರಗಿ, ಆ ಸ್ಥಳದಲ್ಲಿ ನಾರಿನಂಶ ಬೆಳೆಯುತ್ತದೆ. ನಾರಾಗಿ ಮಾರ್ಪಟ್ಟ ಭಾಗವು ಸಾಮಾನ್ಯವಾಗಿ ಪೂರ್ವಸ್ಥಿತಿಗೆ ಮರಳುವುದಿಲ್ಲ.

ಟ್ಯಾಕ್ರೋಲಿಮಸ್ ಮುಂತಾದ ಔಷಧಗಳು ಮುಖ್ಯವಾಗಿ ಟಿ-ಕಣಗಳನ್ನು ಹತೋಟಿಯಲ್ಲಿಡುತ್ತವೆ. ಸಹಜ ಉರಿಯೂತವನ್ನು ಪೂರ್ಣವಾಗಿ ತಡೆಯುವುದಿಲ್ಲ. ಆದರೆ ಇವುಗಳನ್ನು ನಿಲ್ಲಿಸಿದಲ್ಲಿ ದೇಹವು ಅಂಗವನ್ನು ತಿರಸ್ಕರಿಸಿ, ಹಾನಿ ತೀವ್ರಗೊಳ್ಳುತ್ತದೆ.

ಗಮನಿಸಬೇಕಾದ ಅಂಶಗಳು
ಆರಂಭದಲ್ಲಿ ನೋವಾಗಲೀ ಆಯಾಸವಾಗಲೀ ಕಾಣಿಸದಿರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಏರಿಕೆ, ಮೂತ್ರದಲ್ಲಿ ಪ್ರೋಟೀನ್ ಮತ್ತು ಅಧಿಕ ರಕ್ತದೊತ್ತಡ ಮುನ್ಸೂಚನೆಗಳಾಗಿವೆ. ಖಚಿತ ಕಾರಣ ತಿಳಿಯಲು ಬಯಾಪ್ಸಿ ಅಗತ್ಯವಾಗಬಹುದು. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಂತಹ ಗ್ರಾಮಗಳವರು ತಜ್ಞರ ತಪಾಸಣೆಗೆ ಮಂಗಳೂರಿನವರೆಗೆ ಪ್ರಯಾಣಿಸಬೇಕಾಗಬಹುದಾದರೂ, ಆರೋಗ್ಯವಾಗಿರುವುದಾಗಿ ಭಾವಿಸಿ ತಪಾಸಣೆಯನ್ನು ಕೈಬಿಡಬಾರದು.

ಕಸಿ ಹೊಂದಿದವರಿಗೆ ಸೂಚನೆಗಳು
• ವೈದ್ಯರ ಸಲಹೆಯಿಲ್ಲದೆ ಔಷಧವನ್ನು ನಿಲ್ಲಿಸಬಾರದು, ಪ್ರಮಾಣ ಬದಲಿಸಬಾರದು.
• ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆಯ ದಿನ, ವೈದ್ಯರು ಬೇರೆ ರೀತಿ ತಿಳಿಸದಿದ್ದಲ್ಲಿ, ಬೆಳಗಿನ ಮಾತ್ರೆಯನ್ನು ರಕ್ತದ ಮಾದರಿ ನೀಡಿದ ನಂತರವೇ ಸೇವಿಸತಕ್ಕದ್ದು.
• ನೋವು ನಿವಾರಕ ಮಾತ್ರೆ ಹಾಗೂ ನಾಟಿ ಔಷಧಗಳನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು.
• ಕರಾವಳಿ ಭಾಗದಲ್ಲಿ ಮಳೆಗಾಲದಲ್ಲಿ ಇಲಿಜ್ವರದ ಸಂಭವವಿರುವುದರಿಂದ ಗದ್ದೆ, ತೋಟದ ನಿಂತ ನೀರಿನಲ್ಲಿ ಇಳಿಯದಿರುವುದು ಕ್ಷೇಮ. ಜ್ವರ ಬಂದಲ್ಲಿ ಅಥವಾ ಮೂತ್ರದ ಪ್ರಮಾಣ ಕಡಿಮೆಯಾದಲ್ಲಿ ವಿಳಂಬ ಮಾಡದೆ ಆಸ್ಪತ್ರೆಗೆ ತೆರಳಬೇಕು.

ಆರ್ಥಿಕ ನೆರವು
ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಅಂಗಾಂಗ ಕಸಿಯ ನೆರವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಒದಗಿಸಲಾಗುತ್ತದೆ. ಔಷಧದ ವೆಚ್ಚ ಭರಿಸಲಾಗದವರು ಔಷಧ ಮುಗಿಯುವ ಮುನ್ನವೇ ಪಡಿತರ ಚೀಟಿ, ಆಧಾರ್ ಹಾಗೂ ಕಸಿ ಚಿಕಿತ್ಸೆಯ ದಾಖಲೆಗಳೊಂದಿಗೆ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಸಂಪರ್ಕಿಸುವುದು.