ಗೋಡೆಯ ವಯಸ್ಸು ಹೇಳುವ ಮಡಕೆ ಚೂರು

ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಲು ನಮಗೆ ಬಿಲ್ಲೆಯಾಗಿ ಸಿಗುತ್ತಿದ್ದದ್ದು ಒಡೆದ ಮಡಕೆಯ ಚೂರು. ಆಟ ಮುಗಿದರೆ ಅಲ್ಲೇ ಎಸೆದು ಮನೆಗೆ ಓಡುತ್ತಿದ್ದೆವು. ಅಂಥವೇ ಚೂರುಗಳು ಜಗತ್ಪ್ರಸಿದ್ಧ ಗೋಡೆಯೊಂದರ ಕಾಲವನ್ನು ಸುಮಾರು ಸಾವಿರ ವರ್ಷ ಹಿಂದಕ್ಕೆ ತಳ್ಳಿದವು ಎಂದು ನಾನು ಓದಿದ್ದು ಪುಣೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ.

ಆ ಗೋಡೆ ಪ್ಯಾಲೆಸ್ತೀನಿನ ಜೆರಿಕೊ ಊರಿನದು. ಯೆಹೋಶುವನ ಜನ ಕೊಂಬು ಊದಿ ಕೂಗಿದಾಗ ಊರಗೋಡೆ ಕುಸಿಯಿತು ಎನ್ನುತ್ತದೆ ಬೈಬಲ್. 1930ರಿಂದ 1936ರವರೆಗೆ ಅಲ್ಲಿನ ದಿಬ್ಬವನ್ನು ಅಗೆಸಿದ ಜಾನ್ ಗಾರ್‌ಸ್ಟಾಂಗ್‌ಗೆ ಎರಡು ಸಾಲು ಮಣ್ಣಿಟ್ಟಿಗೆಯ ಗೋಡೆ ಸಿಕ್ಕಿತು. ಅದು ಕ್ರಿ.ಪೂ. 1400ರ ಸುಮಾರಿಗೆ ಬಿದ್ದದ್ದು, ಯೆಹೋಶುವನ ಕಾಲದ್ದೇ ಎಂದರು ಅವರು. ನಂಬಿದವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೆ?

1952ರಿಂದ 1958ರವರೆಗೆ ಅದೇ ದಿಬ್ಬವನ್ನು ಮತ್ತೆ ಅಗೆಸಿದವರು ಕ್ಯಾಥ್ಲೀನ್ ಕೆನ್ಯನ್. ಅವರ ಗಮನ ಇದ್ದದ್ದು ಗೋಡೆಗೆ ತಾಗಿದ ಮಣ್ಣಿನ ಪದರಗಳ ಮೇಲೆ. ತರ್ಕ ಸರಳ. ನಿಮ್ಮ ಮನೆಯ ನೆಲ ಕಿತ್ತಾಗ ಅಡಿಯಲ್ಲಿ 1985ರ ನಾಣ್ಯ ಸಿಕ್ಕರೆ, ಆ ನೆಲ ಹಾಸಿದ್ದು 1985ಕ್ಕಿಂತ ಮುಂಚೆಯಂತೂ ಅಲ್ಲ. ಎಷ್ಟು ವರ್ಷ ಆಮೇಲೆ ಎಂಬುದನ್ನು ನಾಣ್ಯ ಹೇಳುವುದಿಲ್ಲ. ಹಾಗೆಯೇ ಪಾಯದ ಕೆಳಗಿನ ಚೂರು ಒಂದು ಮಿತಿ. ಗೋಡೆಯ ಮೇಲೆ ಮುಚ್ಚಿಕೊಂಡ ಪದರದ ಚೂರು ಇನ್ನೊಂದು ಮಿತಿ. ಗೋಡೆಯ ಹುಟ್ಟು ಇವೆರಡರ ನಡುವೆ. ಮಡಕೆಯ ಆಕಾರ, ಬಣ್ಣ, ಸುಟ್ಟ ಬಗೆ ಕಾಲಕಾಲಕ್ಕೆ ಬದಲಾಗುವುದರಿಂದ ಚೂರೇ ನಾಣ್ಯದ ಕೆಲಸ ಮಾಡುತ್ತದೆ. ಒಡೆದ ಚೂರನ್ನು ಯಾರೂ ಕದಿಯುವುದಿಲ್ಲ, ಅದು ಕೊಳೆಯುವುದೂ ಇಲ್ಲ. ಆದರೆ ಇಲಿ ಬಿಲದಿಂದ ಜಾರಿ ಬಂದ ಒಂದೇ ಚೂರು ಇಡೀ ಲೆಕ್ಕ ಕೆಡಿಸಬಹುದು. ಅದಕ್ಕೇ ಪದರ ಓದುವುದು ಮೊದಲು, ಚೂರು ಓದುವುದು ಆಮೇಲೆ.

ಹೀಗೆ ಓದಿದಾಗ ಗಾರ್‌ಸ್ಟಾಂಗ್ ಅವರ ಗೋಡೆಗಳು ಕ್ರಿ.ಪೂ. ಮೂರನೇ ಸಹಸ್ರಮಾನದವು ಎಂದು ತಿಳಿಯಿತು. ಎರಡೂ ಒಂದೇ ಕಾಲದವೂ ಅಲ್ಲ. ದಿಬ್ಬದ ಮೇಲ್ಪದರಗಳು ಮಳೆಗೆ ಕೊಚ್ಚಿಹೋಗಿ ಹಳೆಯ ಗೋಡೆ ಮೇಲೆಯೇ ಕಾಣಿಸಿತ್ತು. ಕ್ರಿ.ಪೂ. 1400ರ ಕಾಲದ ಕೋಟೆಗೋಡೆ ಕೆನ್ಯನ್ ಅವರಿಗೆ ಸಿಗಲೇ ಇಲ್ಲ.

ಕೆನ್ಯನ್ ಈ ವಿದ್ಯೆ ಕಲಿತದ್ದು 1930ರ ದಶಕದಲ್ಲಿ, ಇಂಗ್ಲೆಂಡಿನ ವೆರುಲೇಮಿಯಂನಲ್ಲಿ, ಮಾರ್ಟಿಮರ್ ವೀಲರ್ ಬಳಿ. ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳ ಜೊತೆ ಸಿಕ್ಕಿದ್ದ ಬಗೆಯ ಚೂರುಗಳು ಇಲ್ಲಿಯೂ ಸಿಕ್ಕಿ, ಮೇಲಿನ ಪದರಗಳಿಗೆ ಕಾಲದ ಆಧಾರ ದೊರೆಯಿತು. ಕೆಳಗಿನ ಕಲ್ಲುಕೊಡಲಿ ಜನರ ಪದರಗಳಿಗೆ ಅಂಥ ಆಧಾರವಿರಲಿಲ್ಲ. ಅವು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದವು ಎಂದು ವೀಲರ್ ಅಂದಾಜು ಕಟ್ಟಿದರು. ಮುಂದೆ ಕಾರ್ಬನ್ ಪರೀಕ್ಷೆ ಬಂದಾಗ ಕರ್ನಾಟಕದ ನವಶಿಲಾಯುಗದ ಆರಂಭ ಮೂರನೇ ಸಹಸ್ರಮಾನಕ್ಕೆ ಸರಿಯಿತು. ಶಿಷ್ಯೆ ತಿದ್ದಿದ ತಪ್ಪಿನಷ್ಟೇ ದೊಡ್ಡ ತಪ್ಪು ಗುರುವಿನ ಲೆಕ್ಕದಲ್ಲೂ ಇತ್ತು!

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ದಿನವೂ ಎಲ್ಲರನ್ನೂ ಕೇಳುವುದು ಒಂದೇ: ‘ಡೇಟ್ ಹೇಳಿ’. ‘ಇದಕ್ಕಿಂತ ಮುಂಚೆ ಆಗದು, ಇದನ್ನು ದಾಟದು’ ಎಂದರೆ ಸಿಡುಕುತ್ತಿದ್ದೆ. ಚೂರುಗಳು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಉಳಿದದ್ದನ್ನು ಸೇರಿಸುವವರು ನಾವು. ನಮ್ಮೂರಿನ ದೇವಸ್ಥಾನಕ್ಕೋ ಕೋಟೆಗೋ ‘ಇಷ್ಟು ಸಾವಿರ ವರ್ಷ’ ಎಂದು ಯಾರಾದರೂ ಹೇಳಿದಾಗ, ಪಾಯದ ಕೆಳಗೆ ಏನು ಸಿಕ್ಕಿತು ಎಂದು ನಾನೀಗ ಕೇಳುತ್ತೇನೆ.