ಬದುಕು ಬಯಲು

ಬದುಕು ಬಯಲು ಎಂಬುದು ಹಿಜ್ರಾ ಸಮುದಾಯದ ಲೇಖಕಿ ಹಾಗೂ ಹೋರಾಟಗಾರ್ತಿ ಎ. ರೇವತಿ ಅವರ ಆತ್ಮಕಥೆಯ ಕನ್ನಡ ಅನುವಾದ. ಲೇಖಕಿ, ರಂಗಕಲಾವಿದೆ ದು. ಸರಸ್ವತಿ ಇದನ್ನು ಕನ್ನಡಕ್ಕೆ ತಂದಿದ್ದಾರೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಜನಮನದಾಟ ತಂಡವು ಈ ಕೃತಿಯನ್ನು ಇದೇ ಹೆಸರಿನಲ್ಲಿ ರಂಗಕ್ಕೆ ಅಳವಡಿಸಿದೆ.

ಲೇಖಕಿ

ರೇವತಿ ತಮಿಳುನಾಡಿನ ನಾಮಕ್ಕಲ್ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ಹುಟ್ಟಿನಿಂದ ಗಂಡೆಂದು ಗುರುತಿಸಲ್ಪಟ್ಟ ಅವರಿಗೆ ದೊರೈಸ್ವಾಮಿ ಎಂದು ಹೆಸರಿಡಲಾಗಿತ್ತು. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ಸಂಗಮ ಸಂಸ್ಥೆಯನ್ನು ಕೆಳಹಂತದ ಹುದ್ದೆಯಲ್ಲಿ ಸೇರಿ, ಮುಂದೆ ಅದರ ನಿರ್ದೇಶಕಿಯಾದರು. ತಮಿಳುನಾಡಿನ ಹಿಜ್ರಾಗಳ ಜೀವನಕಥನಗಳನ್ನು ಸಂಗ್ರಹಿಸಿದ 'ಉಣರ್ವುಂ ಉರುವಮುಂ' ಅವರ ಮೊದಲ ಪುಸ್ತಕ. 2019ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಗ್ರಂಥಾಲಯದ ಮುಂಭಾಗದಲ್ಲಿ ತೂಗುಹಾಕಿದ ಲೇಖಕಿಯರ ಹೆಸರುಗಳ ಪಟದಲ್ಲಿ ಅವರ ಹೆಸರೂ ಇತ್ತು.

ಮೂಲಕೃತಿ

ರೇವತಿ ಆತ್ಮಕಥೆಯನ್ನು ಬರೆದದ್ದು ತಮಿಳಿನಲ್ಲಿ. ಆದರೆ ಮೊದಲು ಪ್ರಕಟವಾದದ್ದು ವಿ. ಗೀತಾ ಅವರ ಇಂಗ್ಲಿಷ್ ಅನುವಾದ. 'ದಿ ಟ್ರೂತ್ ಅಬೌಟ್ ಮಿ' ಎಂಬ ಹೆಸರಿನ ಆ ಅನುವಾದವನ್ನು ಪೆಂಗ್ವಿನ್ ಸಂಸ್ಥೆ 2010ರಲ್ಲಿ ಹೊರತಂದಿತು. ತಮಿಳು ಮೂಲವು 'ವೆಳ್ಳೈ ಮೊಳಿ' ಎಂಬ ಹೆಸರಿನಲ್ಲಿ ಅನಂತರ ಪ್ರಕಟವಾಯಿತು.

ಕಥಾವಸ್ತು

ಬಾಲ್ಯದಲ್ಲೇ ತಾನು ಹೆಣ್ಣೆಂದು ಭಾವಿಸುವ ಮಗು ಶಾಲೆಯಲ್ಲಿ ಅಪಹಾಸ್ಯಕ್ಕೂ ಮನೆಯಲ್ಲಿ ಅಣ್ಣಂದಿರ ಹೊಡೆತಕ್ಕೂ ಒಳಗಾಗುತ್ತದೆ. ಊರಿನ ಮಾರಿಯಮ್ಮನ ಹಬ್ಬದಲ್ಲಿ ಆ ಮಗು ಕೊರತಿಯ ವೇಷ ತೊಟ್ಟು ಕುಣಿದಾಗ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ವೇಷ ಕಳಚಿ ಗಂಡಿನ ಉಡುಪು ಧರಿಸಿದಾಗ, ಈಗಲೇ ತಾನು ವೇಷ ಹಾಕಿಕೊಂಡಂತಾಯಿತು ಎಂಬ ಭಾವ ಮೂಡುತ್ತದೆ. ಮನೆ ಬಿಟ್ಟು ದೆಹಲಿ, ಮುಂಬಯಿಗಳ ಹಿಜ್ರಾ ಮನೆಗಳನ್ನು ಸೇರುವುದು, ಗುರು–ಚೇಲಾ ಸಂಬಂಧದಲ್ಲಿ ದೊರೆಯುವ ಆಸರೆ ಹಾಗೂ ಅದರ ಕಟ್ಟುಪಾಡುಗಳು, ನಿರ್ವಾಣವೆಂದು ಕರೆಯಲಾಗುವ ಶಸ್ತ್ರಕ್ರಿಯೆ, ಲೈಂಗಿಕ ವೃತ್ತಿ, ಪೊಲೀಸರ ಮತ್ತು ಗೂಂಡಾಗಳ ಹಿಂಸೆ, ತಂದೆತಾಯಿಯರ ಬಳಿಗೆ ಮರಳುವ ಯತ್ನಗಳು, ಆಸ್ತಿಯ ಪಾಲಿನ ಜಗಳ ಇವೆಲ್ಲ ಕೃತಿಯಲ್ಲಿ ನಿರೂಪಿತವಾಗಿವೆ. ಲೇಖಕಿ ತಮ್ಮ ಸಮುದಾಯದೊಳಗಿನ ಕಠಿಣ ನಡವಳಿಕೆಗಳನ್ನೂ ಮರೆಮಾಚುವುದಿಲ್ಲ.

ರಂಗರೂಪ

ಎಂ. ಗಣೇಶ್ ಹೆಗ್ಗೋಡು ಅವರು ಈ ನಾಟಕವನ್ನು ನಿರ್ದೇಶಿಸಿದರು. 1949ರಲ್ಲಿ ನೀನಾಸಮ್ ಸ್ಥಾಪನೆಯಾದ ಹೆಗ್ಗೋಡಿನಲ್ಲಿ ನಾಟಕವನ್ನು ಊರೂರಿಗೆ ಒಯ್ಯುವ ರೂಢಿ 1985ರಲ್ಲಿ ಆರಂಭವಾದ 'ತಿರುಗಾಟ'ದಿಂದ ಗಟ್ಟಿಗೊಂಡಿದೆ. ಜನಮನದಾಟವೂ ಅಂತಹ ಸಂಚಾರಿ ತಂಡವಾಗಿದ್ದು, ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯನ್ನೂ ರಂಗಕ್ಕೆ ತಂದಿದೆ. 'ಬದುಕು ಬಯಲು' ನಾಟಕದಲ್ಲಿ ರೇವತಿಯವರೂ ಅಭಿನಯಿಸಿದ್ದಾರೆ. ಹೀಗಾಗಿ ತಮ್ಮ ಕುರಿತು ಇತರರು ಆಡುತ್ತಿದ್ದ ಮಾತನ್ನು ಅವರೇ ಪ್ರೇಕ್ಷಕರ ಎದುರು ನಿಂತು ಆಡುವಂತಾಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರೇಕ್ಷಕರಿಗೆ ರಂಗದ ಮೇಲೆ ಸ್ತ್ರೀಪಾತ್ರ ಧರಿಸುವ ಗಂಡಸು ಹೊಸಬನಲ್ಲ. ಇಲ್ಲಿ ಬಳಕೆಯಲ್ಲಿರುವ ಬಡಗುತಿಟ್ಟಿನ ಯಕ್ಷಗಾನದಲ್ಲಿ ಸ್ತ್ರೀವೇಷಕ್ಕೆ ದೀರ್ಘ ಪರಂಪರೆಯೂ ಮನ್ನಣೆಯೂ ಇವೆ. ಆದರೆ ಯಕ್ಷಗಾನದ ಸ್ತ್ರೀವೇಷ ಬೆಳಗಾದೊಡನೆ ಕಳಚುವ ಪಾತ್ರ. ಈ ನಾಟಕದ ವಸ್ತುವಾದರೋ ಕಳಚಲಾಗದ ಬದುಕು. ವೇಷವನ್ನು ಮೆಚ್ಚುವ ಸಮಾಜವು ವ್ಯಕ್ತಿಯನ್ನು ಏಕೆ ದೂರವಿಡುತ್ತದೆ ಎಂಬ ಪ್ರಶ್ನೆ ಮಾರಿಯಮ್ಮನ ಹಬ್ಬದ ಪ್ರಸಂಗದಲ್ಲೇ ಅಡಗಿದೆ.

ಕಾನೂನಿನ ಹಿನ್ನೆಲೆ

ಮೂಲಕೃತಿ ಪ್ರಕಟವಾದಾಗ ಲಿಂಗತ್ವ ಅಲ್ಪಸಂಖ್ಯಾತರಿಗೆ ದೇಶವ್ಯಾಪಿ ಕಾನೂನು ಮಾನ್ಯತೆ ಇರಲಿಲ್ಲ. ಗುರುತಿನ ದಾಖಲೆ ಪಡೆಯುವುದೂ ಕಷ್ಟವಾಗಿತ್ತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕನ್ನು ಎತ್ತಿಹಿಡಿದು, ತೃತೀಯ ಲಿಂಗಕ್ಕೆ ಮಾನ್ಯತೆ ನೀಡಿತು. 2018ರ ಸೆಪ್ಟೆಂಬರ್ 6ರ ತೀರ್ಪಿನ ಮೂಲಕ ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಾಯಿತು. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕೆಂಬ ಅದರ ನಿಯಮವನ್ನು, ಸ್ವಯಂ ನಿರ್ಧಾರದ ಹಕ್ಕಿಗೆ ವಿರುದ್ಧವೆಂದು ಸಮುದಾಯದ ಹಲವರು ಟೀಕಿಸಿದರು. ಕರ್ನಾಟಕ ಸರ್ಕಾರವು 2021ರಲ್ಲಿ ರಾಜ್ಯದ ನಾಗರಿಕ ಸೇವೆಗಳಲ್ಲಿ ಶೇ. 1ರಷ್ಟು ಮೀಸಲಾತಿ ಕಲ್ಪಿಸಿತು.

ಕನ್ನಡದ ಸಂಬಂಧಿತ ಕೃತಿಗಳು

ವಸುಧೇಂದ್ರ ಅವರ 'ಮೋಹನಸ್ವಾಮಿ' (2013) ಸಲಿಂಗಿಯೊಬ್ಬನ ಬದುಕನ್ನು ಚಿತ್ರಿಸುವ ಕಥಾಸಂಕಲನ. ಪದ್ಮಶ್ರೀ ಪುರಸ್ಕೃತ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು', ಉತ್ತರ ಕರ್ನಾಟಕದ ಜೋಗತಿ ಪರಂಪರೆಯ ಒಳನೋಟಗಳನ್ನು ನೀಡುತ್ತದೆ.